ಆಡದೆ ಉಳಿದ ಮಾತು

ಕೊಲೆಯ ಕಥೆಯಲ್ಲಿ ಕೊಂದವನಾರೆಂಬ ಪ್ರಶ್ನೆಯೇ ಕೊನೆಯ ಪುಟದವರೆಗೂ ಓದುಗನನ್ನು ಎಳೆದೊಯ್ಯುವುದು ವಾಡಿಕೆ. ಅಮೆರಿಕದ ಲೇಖಕಿ ಪೆಟ್ರೀಷಿಯ ಹೈಸ್ಮಿತ್ 1950ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ನಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. ಸಜ್ಜನನೊಬ್ಬನು ಕೊಲೆಗಾರನ ಜೊತೆಗಾರನಾದುದು ಹೇಗೆಂಬುದೇ ಅಲ್ಲಿನ ಕುತೂಹಲ.

ವಾಸ್ತುಶಿಲ್ಪಿ ಗೈ ಮತ್ತು ಸಿರಿವಂತ ಯುವಕ ಬ್ರೂನೋ ರೈಲಿನಲ್ಲಿ ಪರಿಚಿತರಾಗುತ್ತಾರೆ. ಗೈಗೆ ದೂರವಾದ ಹೆಂಡತಿಯಿಂದ ಬಿಡುಗಡೆ ಬೇಕು. ಬ್ರೂನೋನಿಗೆ ತಂದೆಯ ಮೇಲೆ ದ್ವೇಷ. ಒಬ್ಬರ ಶತ್ರುವನ್ನು ಇನ್ನೊಬ್ಬರು ಕೊಂದರೆ ಪೊಲೀಸರಿಗೆ ಕಾರಣವೇ ಸಿಕ್ಕದೆಂಬುದು ಬ್ರೂನೋನ ಲೆಕ್ಕ. ಗೈ ಒಪ್ಪುವುದಿಲ್ಲ. ಆದರೂ ಬ್ರೂನೋ ಅವನ ಹೆಂಡತಿಯ ಕತ್ತು ಹಿಸುಕಿ ಕೊಲ್ಲುತ್ತಾನೆ. ನಿಜ ತಿಳಿದ ಮೇಲೂ ಗೈ ಬಾಯಿ ಬಿಡುವುದಿಲ್ಲ. ಆ ಮೌನವೇ ಸಾಲವಾಗಿ ಬೆಳೆಯುತ್ತದೆ. ಕಾಗದಗಳು, ಬೆದರಿಕೆಗಳು, ನಿದ್ದೆಯಿಲ್ಲದ ರಾತ್ರಿಗಳು. ಕಡೆಗೊಂದು ರಾತ್ರಿ ಬ್ರೂನೋನ ತಂದೆಗೆ ಗೈಯೇ ಗುಂಡು ಹಾರಿಸುತ್ತಾನೆ.

1951ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಚಲಚ್ಚಿತ್ರವಾಗಿಸಿದಾಗ ಗೈ ಟೆನಿಸ್ ಆಟಗಾರನಾದ. ಅವನ ಕೈಗೆ ರಕ್ತ ಅಂಟಲಿಲ್ಲ. ಪ್ರೇಕ್ಷಕನು ನೆಮ್ಮದಿಯಿಂದ ಮನೆಗೆ ಹೋಗಬಹುದು. ಓದುಗನಿಗೆ ಆ ಸಮಾಧಾನವಿಲ್ಲ. ಗೈಯಂಥವನು ನೆರೆಮನೆಯಲ್ಲಿರಬಹುದು, ತನ್ನೊಳಗೂ ಇರಬಹುದೆಂಬ ಶಂಕೆ ಪುಸ್ತಕ ಮುಚ್ಚಿದ ಮೇಲೂ ಬಿಡದು.

ಪಾಪಭಾರ ತಾಳಲಾರದೆ ಗೈ ತನ್ನ ಹೆಂಡತಿಯ ಪ್ರಿಯಕರನ ಬಳಿಗೇ ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ. ಆತನಿಗೆ ಅದನ್ನು ಕೇಳುವ ಆಸಕ್ತಿಯೇ ಇಲ್ಲ. ಬಹು ತಡವಾಗಿ ಹೊರಬಂದ ಆ ಮಾತನ್ನು ದೂರವಾಣಿಯ ಮೂಲಕ ಗಮನವಿಟ್ಟು ಆಲಿಸಿದವನು ಪತ್ತೇದಾರನೊಬ್ಬನೇ.