ವಯಸ್ಸಾಯಿತೆಂಬ ಮಾತು

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಕಣ್ಣಿನ ರೋಗವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಗಬಹುದು. ನಗಲಿ. ಹಿಂದಿನ ವರ್ಷ ನಾನೂ ನಕ್ಕವನೇ. ಒಂದು ದಿನ ಜಗಲಿಯ ಮೇಲೆ ಕುಳಿತಿದ್ದ ನಮ್ಮ ತಾತ, “ಕಿಟಕಿ ಸರಳು ಯಾಕೋ ಡೊಂಕಾದಂಗೆ ಕಾಣ್ತದಲ್ಲ ಮಗಾ” ಎಂದರು. “ವಯಸ್ಸಾಯ್ತಲ್ಲ ತಾತ, ಪೊರೆ ಬಂದಿರಬೇಕು, ರಜದಲ್ಲಿ ತೆಗೆಸೋಣ” ಎಂದು ನಗುತ್ತಲೇ ಹೇಳಿ ನನ್ನ ಓದಿಗೆ ಮರಳಿದೆ. ರಜ ಬರುವುದರೊಳಗೆ ಅವರ ಬಲಗಣ್ಣಿನ ನಡುನೋಟ ಹೋಗಿತ್ತು. ಅದು ಪೊರೆಯಾಗಿರಲಿಲ್ಲ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಕೆಡುವ ರೋಗ. ಅದರ ಹಿಂದೆ ಹೊಸ ರಕ್ತನಾಳಗಳು ಹುಟ್ಟಿ, ಸೋರಿ, ಕಲೆಗಟ್ಟಿದ್ದವು. ಬೇಗ ಬಂದಿದ್ದರೆ ಕಣ್ಣಿಗೆ ಕೊಡುವ ಚುಚ್ಚುಮದ್ದಿನಿಂದ ಒಂದಿಷ್ಟು ನೋಟ ಉಳಿಯುತ್ತಿತ್ತೇನೋ ಎಂದರು ವೈದ್ಯರು.

ಈ ರೋಗಕ್ಕೂ ವಯಸ್ಸಿಗೂ ಸಂಬಂಧವಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ “ವಯಸ್ಸಾಯಿತು” ಎಂಬ ಒಂದೇ ಮಾತಿನಿಂದ ವಿಚಾರವನ್ನು ಮುಗಿಸಿಬಿಡುವ ನಮ್ಮ ಅಭ್ಯಾಸ ತಪ್ಪೆಂಬುದು ನನ್ನ ಅಭಿಪ್ರಾಯ. ತೂಕಕ್ಕೆ ಹೋಲಿಸಿದರೆ ದೇಹದಲ್ಲಿ ಅತ್ಯಂತ ಹೆಚ್ಚಾಗಿ ಆಮ್ಲಜನಕವನ್ನು ಬಳಸುವ ಅಂಗಾಂಶಗಳಲ್ಲಿ ಅಕ್ಷಿಪಟಲವೂ ಒಂದು. ಹಗಲೆಲ್ಲ ಅದರ ಮೇಲೆ ಬೆಳಕು ಬೀಳುತ್ತದೆ. ಅದರಲ್ಲಿ ಕೊಬ್ಬಿನಂಶವೂ ಬಹಳ. ಇಟ್ಟ ಎಣ್ಣೆ ಕಮಟಾಗುವುದಕ್ಕೆ ಕಾರಣವಾದ ಉತ್ಕರ್ಷಣವೇ ಇಲ್ಲಿಯೂ ನಡೆಯುತ್ತದೆ. ಬೆಳಕನ್ನು ಗ್ರಹಿಸುವ ಕೋಶಗಳು ತಮ್ಮ ತುದಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ದಿನವೂ ಕಳಚಿಹಾಕುತ್ತವೆ. ಹಿಂದಿನ ಸಾಲಿನ ಕೋಶಗಳು ಅದನ್ನು ನುಂಗಿ ಜೀರ್ಣಿಸಬೇಕು. ಯೌವನದಲ್ಲಿ ಈ ಕೆಲಸ ಸಲೀಸಾಗಿ ಸಾಗುತ್ತದೆ. ಮುಪ್ಪಿನಲ್ಲಿ ಶೇಷ ಉಳಿದುಕೊಂಡು, ‘ಡ್ರೂಸೆನ್’ ಎಂಬ ಹಳದಿ ಮಚ್ಚೆಗಳು ಕೂಡುತ್ತವೆ. ಆಗ ದೇಹದ ರಕ್ಷಣಾಪಡೆ ಈ ಕಸವನ್ನೇ ಶತ್ರುವೆಂದು ಭಾವಿಸಿ ಮೇಲೆ ಬೀಳುತ್ತದೆ, ಉರಿಯೂತವೆಂದರೆ ಇದೇ. ಈ ಪಡೆಗೆ ಕಡಿವಾಣ ಹಾಕುವ ‘ಫ್ಯಾಕ್ಟರ್ ಎಚ್’ ಎಂಬ ಪ್ರೋಟೀನಿನಲ್ಲಿ ಹುಟ್ಟಿನಿಂದ ಬಂದ ಒಂದು ಸಣ್ಣ ವ್ಯತ್ಯಾಸವಿದ್ದವರಿಗೆ ರೋಗದ ಅಪಾಯ ಹೆಚ್ಚೆಂದು 2005ರಲ್ಲಿ ತಿಳಿದುಬಂತು. ಆ ಪಡೆಯನ್ನು ತಡೆಯುವ ಎರಡು ಔಷಧಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅವು ಒಣ ಬಗೆಯ ಮುಂದುವರಿದ ರೋಗವನ್ನು ನಿಧಾನಗೊಳಿಸುವುವೇ ಹೊರತು ಹೋದ ನೋಟವನ್ನು ತರಲಾರವು.

ಹುಟ್ಟನ್ನು ಬದಲಿಸಲಾಗದು, ಸರಿ. ಆದರೆ ಬೀಡಿ? ಬದಲಿಸಬಲ್ಲ ಕಾರಣಗಳಲ್ಲಿ ಧೂಮಪಾನವೇ ಮೊದಲನೆಯದು. ನಮ್ಮ ತಾತ ನಲವತ್ತು ವರ್ಷ ಬೀಡಿ ಸೇದಿ ಬಿಟ್ಟವರು. ಹೊಗೆ ಎದೆಗೆ ಕೆಟ್ಟದ್ದೆಂದು ಅವರಿಗೆ ಹೇಳಿದವರು ಬಹಳ ಮಂದಿ. ಕಣ್ಣಿಗೂ ಕೆಟ್ಟದ್ದೆಂದು ಒಬ್ಬರೂ ಹೇಳಿರಲಿಲ್ಲ.

ಇನ್ನು ನನ್ನ ಎರಡನೆಯ ತಪ್ಪು. ಪಶ್ಚಾತ್ತಾಪದ ಭರದಲ್ಲಿ ನಾನು ಔಷಧದಂಗಡಿಯಿಂದ ‘ಆಂಟಿಆಕ್ಸಿಡೆಂಟ್’ ಮಾತ್ರೆಗಳನ್ನು ಕೊಂಡು ತಂದೆ. ಅದು ಈಗ ಮಂತ್ರದಂತಾಗಿರುವ ಪದ. ವೈದ್ಯರು ಡಬ್ಬಿಯನ್ನು ತಿರುಗಿಸಿ ನೋಡಿ ಬದಿಗಿಟ್ಟರು. ಅದರಲ್ಲಿ ಬೀಟಾ ಕ್ಯಾರೊಟೀನ್ ಇತ್ತು. ಫಿನ್ಲೆಂಡಿನಲ್ಲಿ ಧೂಮಪಾನಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಅದನ್ನು ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಬಂದುದು 1994ರಲ್ಲಿಯೇ ಪ್ರಕಟವಾಗಿತ್ತು! 2001ರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಅಧ್ಯಯನ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟೀನ್, ಸತು ಮತ್ತು ತಾಮ್ರ ಕೂಡಿದ ಮಿಶ್ರಣದಿಂದ, ಅಪಾಯ ಹೆಚ್ಚಿದ್ದವರಲ್ಲಿ, ರೋಗ ಮುಂದುವರಿಯುವ ಸಂಭವ ಐದು ವರ್ಷಗಳಲ್ಲಿ ಶೇಕಡ 25ರಷ್ಟು ಕಡಿಮೆಯಾಯಿತೆಂದು ತೋರಿಸಿತ್ತು. 2013ರ ಎರಡನೆಯ ಅಧ್ಯಯನದ ಬಳಿಕ ಬೀಟಾ ಕ್ಯಾರೊಟೀನಿನ ಬದಲು ಲ್ಯೂಟೀನ್, ಜಿಯಾಕ್ಸಾಂಥಿನ್‌ಗಳು ಬಂದವು. ತಾತನಿಗೆ ಈಗ ಕೊಡುತ್ತಿರುವುದು ಇದನ್ನೇ. ರೋಗವೇ ಇಲ್ಲದವರಿಗೆ ಈ ಮಾತ್ರೆಯಿಂದ ರೋಗ ಬಾರದೆಂಬುದಕ್ಕೆ ಆಧಾರವಿಲ್ಲ; ಆದರೂ ಜಾಹೀರಾತು ಎಲ್ಲರನ್ನೂ ಕರೆಯುತ್ತದೆ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಕಣ್ಣಿನ ತಪಾಸಣೆಯೆಂದರೆ ಪೊರೆ ಹುಡುಕುವುದು ಎಂದಷ್ಟೇ ಆಗಿದೆ. ಒಳ್ಳೆಯದೇ, ಸಾಲದು. ಚೌಕುಳಿ ಗೆರೆಗಳೆಳೆದು ನಡುವೆ ಒಂದು ಚುಕ್ಕೆಯಿಟ್ಟ ಕಾಗದ ಸಾಕು; ಸ್ವಿಟ್ಜರ್ಲೆಂಡಿನ ವೈದ್ಯ ಆಮ್ಸ್‌ಲರ್ ರೂಢಿಗೆ ತಂದದ್ದು. ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣನ್ನು ಮುಚ್ಚಿ ಚುಕ್ಕೆಯನ್ನು ನೋಡಬೇಕು. ಗೆರೆ ಬಾಗಿದಂತೆಯೋ ನಡುವೆ ಅಳಿಸಿದಂತೆಯೋ ಕಂಡರೆ ರಜಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ಶಿಬಿರದಲ್ಲಿ ಪ್ರತಿ ಮನೆಗೂ ಇಂಥದೊಂದು ಕಾಗದ ಕೊಡೋಣವೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಗೆರೆ ಎಳೆಯುವ ಕೆಲಸಕ್ಕೆ ನಾನಿದ್ದೇನೆ.