ಎಲೆಕೋಸಿನ ಮೇಲೆ ಗೂಬೆ ಕೂರಿಸಬೇಡಿ

ಎಲೆಕೋಸು ತಿಂದರೆ ಮೆದುಳಿಗೆ ಹುಳು ಹೋಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಜೊತೆಗೆ ಕೋಸಿನ ಎಲೆ ಕೊರೆಯುವ ಹಸಿರು ಹುಳುವಿನ ಚಿತ್ರವೂ ಇರುತ್ತದೆ. ಆ ಹಸಿರು ಹುಳು ಪತಂಗದ ಮರಿ. ಪಲ್ಯದೊಳಗೆ ಬೆಂದುಹೋದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಮೆದುಳು ಸೇರುವುದು ಟೀನಿಯಾ ಸೋಲಿಯಮ್ ಎಂಬ ಲಾಡಿಹುಳುವಿನ ಮರಿ. ಅದರ ಮೊಟ್ಟೆಗಳು ಹೊರಬರುವುದು ಮನುಷ್ಯನ ಮಲದಲ್ಲಿ. ಹಾಗಾಗಿ ಈ ಹುಳುವಿನಿಂದ ಫಿಟ್ಸ್ ಬಂದವರಿಗೆ ಸ್ಕ್ಯಾನ್ ಮಾಡಿಸಿ ಮಾತ್ರೆ ಬರೆದುಕೊಟ್ಟರೆ ಸಾಲದು. ಆ ಮನೆಯಲ್ಲಿ ಯಾರ ಹೊಟ್ಟೆಯಲ್ಲಾದರೂ ಲಾಡಿಹುಳು ಇದೆಯೇ ಎಂದು ಪತ್ತೆಹಚ್ಚುವುದೂ ಚಿಕಿತ್ಸೆಯ ಭಾಗವಾಗಬೇಕು.

ಈ ಹುಳುವಿನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಲಾಡಿಹುಳು ಒಂದು ಚಪ್ಪಟೆ ಹುಳು; ಆ ಗುಂಪಿನಲ್ಲಿ ಸ್ವತಂತ್ರವಾಗಿ ಬದುಕುವವೂ ಇವೆ. ತೊರೆಯ ಕಲ್ಲಿನಡಿ ಇರುವ ಪ್ಲನೇರಿಯಾಕ್ಕೆ ಎರಡು ಕಣ್ಣಿನ ಚುಕ್ಕೆ, ಹೊಟ್ಟೆಯ ನಡುವೆ ಬಾಯಿ. ಅದು ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದರ ನಂಟ ಲಾಡಿಹುಳುವಿಗೆ ಕಣ್ಣಿಲ್ಲ, ಬಾಯಿಲ್ಲ, ಕರುಳೂ ಇಲ್ಲ. ಗುಂಡುಸೂಜಿಯ ತಲೆಯಷ್ಟಿರುವ ತಲೆಯಲ್ಲಿ ನಾಲ್ಕು ಹೀರುಬಟ್ಟಲು, ಎರಡು ಸುತ್ತು ಕೊಕ್ಕೆ. ಅವುಗಳಿಂದ ನಮ್ಮ ಕರುಳಿನ ಗೋಡೆಗೆ ಕಚ್ಚಿಕೊಂಡು, ಹಲವು ಮೀಟರ್ ಉದ್ದದ ಮೈಯ ಚರ್ಮದಿಂದಲೇ ಆಹಾರ ಹೀರಿಕೊಳ್ಳುತ್ತದೆ. ಸರಿಯಾಗಿ ಬೇಯದ, ಹುಳುವಿನ ಕೋಶಗಳಿರುವ ಹಂದಿಮಾಂಸ ತಿಂದವರ ಕರುಳಲ್ಲಿ ಅದು ಬೆಳೆಯುತ್ತದೆ. ಜರ್ಮನಿಯ ವೈದ್ಯ ಕ್ಯೂಖೆನ್‌ಮೈಸ್ಟರ್ 1855ರಲ್ಲಿ ಮರಣದಂಡನೆಗೆ ಗುರಿಯಾದ ಕೈದಿಗೆ ಅಂಥ ಮಾಂಸ ತಿನ್ನಿಸಿ, ಸತ್ತ ಮೇಲೆ ಕರುಳಲ್ಲಿ ಹುಳು ಕಂಡು ಇದನ್ನು ತೋರಿಸಿದ. ಇಂದು ಯಾರೂ ಒಪ್ಪದ ಕ್ರೂರ ಪ್ರಯೋಗ ಅದು. ಕರುಳಲ್ಲಿ ಹುಳು ಇರುವವರಿಗೆ ಸಾಮಾನ್ಯವಾಗಿ ತೊಂದರೆಯೇ ಗೊತ್ತಾಗುವುದಿಲ್ಲ. ಆದರೆ ಮಲದೊಂದಿಗೆ ಕಳಚಿ ಬೀಳುವ ಒಂದೊಂದು ತುಣುಕಿನಲ್ಲೂ ಸಾವಿರಾರು ಮೊಟ್ಟೆಗಳಿರುತ್ತವೆ. ಆ ಮೊಟ್ಟೆ ಹಂದಿಯ ಹೊಟ್ಟೆಗೆ ಹೋದರೆ ಅದರ ಮಾಂಸದಲ್ಲಿ, ಮನುಷ್ಯನ ಹೊಟ್ಟೆಗೆ ಹೋದರೆ ಸ್ನಾಯು, ಕಣ್ಣು, ಮೆದುಳಿನಲ್ಲಿ ಕೋಶವಾಗುತ್ತದೆ. ಬಟಾಣಿಯಷ್ಟು ದೊಡ್ಡ, ನೀರು ತುಂಬಿದ ಪಾರದರ್ಶಕ ಚೀಲ. ಒಳಗೊಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಹುಳುವಿನ ತಲೆ. ನಮ್ಮ ರೋಗನಿರೋಧಕ ಶಕ್ತಿಯನ್ನು ತಡೆಹಿಡಿದು ಅದು ವರ್ಷಗಟ್ಟಲೆ ಸುಮ್ಮನಿರಬಲ್ಲದು. ಅದು ಸಾಯತೊಡಗಿದಾಗ ಸುತ್ತ ಊತ ಬಂದು ಫಿಟ್ಸ್ ಶುರುವಾಗುವುದೇ ಹೆಚ್ಚು. ನಮ್ಮ ದೇಶದಲ್ಲಿ ಸ್ಕ್ಯಾನ್ ಬಂದ ಹೊಸತರಲ್ಲಿ ಮೆದುಳಿನಲ್ಲಿ ಕಾಣುವ ಉಂಗುರದಾಕಾರದ ಗಾಯಗಳನ್ನು ಕ್ಷಯವೆಂದುಕೊಂಡು ಔಷಧ ಕೊಡುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಲಾಡಿಹುಳುವಿನ ಕೋಶಗಳೆಂದು ತೋರಿಸಿಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು.

ನಾವು ಸಸ್ಯಾಹಾರಿಗಳು, ನಮಗೇಕೆ ಈ ಚಿಂತೆ ಎನ್ನುವವರಿದ್ದಾರೆ. ಹಂದಿಮಾಂಸವನ್ನು ಮುಟ್ಟದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲೇ ಈ ರೋಗ ಕಾಣಿಸಿಕೊಂಡ ವರದಿ 1992ರಲ್ಲಿ ಪ್ರಕಟವಾಯಿತು. ಲಾಡಿಹುಳುವಿನ ಜಾಡು ಸಿಕ್ಕಿದ್ದು ಮನೆಗೆಲಸದವರಲ್ಲಿ. ಕೊಡಗಿನಲ್ಲಿ ಚೆನ್ನಾಗಿ ಬೇಯಿಸಿ ಮಾಡುವ ಪಂದಿ ಕರಿ ತಿಂದವರಿಗಿಂತ, ಕೈ ತೊಳೆಯದವರು ಕಲಸಿದ ಕೋಸಂಬರಿ ತಿಂದವರಿಗೇ ಅಪಾಯ ಹೆಚ್ಚು. ತರಕಾರಿ ತೊಳೆಯುವುದು ಒಳ್ಳೆಯದೇ. ಆದರೆ ಈ ಮೊಟ್ಟೆ ಹೊರಬಿದ್ದ ಕ್ಷಣದಿಂದಲೇ ಸೋಂಕು ತರಬಲ್ಲದು, ಬೆರಳಿಗೆ, ಉಗುರಿನ ಸಂದಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಹೊಲದ ಮಣ್ಣಿಗಿಂತ ಒಂದೇ ಸೂರಿನಡಿ ಇರುವವರ ಕೈಯೇ ಹತ್ತಿರದ ದಾರಿ. ಹುಳು ಹೊತ್ತವರು ತಮ್ಮ ಕೈಯಿಂದಲೇ ತಮ್ಮ ಮೆದುಳಿಗೂ ಅದನ್ನು ದಾಟಿಸಿಕೊಳ್ಳಬಹುದು.

ಮನೆಮಂದಿಯನ್ನು ಪರೀಕ್ಷಿಸಹೊರಟರೆ ಅಡುಗೆಯವರ, ಕೆಲಸದವರ ಮೇಲೆಯೇ ಬೊಟ್ಟು ಹೋಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರೋಗಿಯೂ ಸೇರಿದಂತೆ ಆ ಮನೆಯ ಎಲ್ಲರನ್ನೂ ಉಚಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಗುಟ್ಟಾಗಿಡಬೇಕು. ಯಾರ ಕೆಲಸಕ್ಕೂ ಕುತ್ತು ಬರಕೂಡದು. ಮಲಪರೀಕ್ಷೆಯಲ್ಲಿ ಮೊಟ್ಟೆ ಎಷ್ಟೋ ಸಲ ಕಣ್ತಪ್ಪುತ್ತದೆ ಎನ್ನುವುದೂ ನಿಜ, ಅದಕ್ಕೇ ಮತ್ತೆ ಮತ್ತೆ ನೋಡಬೇಕು. ಶಾಲೆಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಿದ್ದಾರಲ್ಲ ಎಂದರೆ, ಆ ಒಂದು ಅಲ್ಬೆಂಡಜೋಲ್ ಮಾತ್ರೆಯ ಗುರಿ ದುಂಡುಹುಳು, ಕೊಕ್ಕೆಹುಳುಗಳು. ಲಾಡಿಹುಳುವಿಗೆ ಅದನ್ನು ನಂಬಿ ಕೂರಲಾಗದು. ಶೌಚಾಲಯ ಕಟ್ಟಿಸಿದ್ದೇವೆ ಎಂಬ ಉತ್ತರವೂ ಅರ್ಧ ಮಾತ್ರ: ಶೌಚಾಲಯ ಹಂದಿಯನ್ನು ಕಾಪಾಡುತ್ತದೆ, ತೊಳೆಯದ ಕೈಯಿಂದ ಮನೆಯವರನ್ನು ಕಾಪಾಡುವುದಿಲ್ಲ.

ಲಾಡಿಹುಳುವಿನ ಹರಡುವಿಕೆ ತಡೆಯುವುದು ಆಗದ ಹೋಗದ ಮಾತೂ ಅಲ್ಲ. ಪೆರುವಿನ ತುಂಬೆಸ್ ಪ್ರಾಂತ್ಯದಲ್ಲಿ ಜನರಿಗೂ ಹಂದಿಗಳಿಗೂ ಔಷಧ ಕೊಟ್ಟು, ಹಂದಿಗಳಿಗೆ ಲಸಿಕೆ ಹಾಕಿದ ಮೇಲೆ 107 ಹಳ್ಳಿಗಳ ಪೈಕಿ 105ರಲ್ಲಿ ಹರಡುವಿಕೆ ನಿಂತಿತೆಂದು 2016ರಲ್ಲಿ ವರದಿಯಾಯಿತು. ಹಂದಿಗೆ ಹಾಕುವ ಲಸಿಕೆಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ತಯಾರಿಸುತ್ತದೆ; ಹಂದಿ ಸಾಕುವವರನ್ನು ಊರಾಚೆ ಅಟ್ಟುವ ಬದಲು ಅದನ್ನು ಅವರ ಕೈಗೆಟುಕಿಸಬೇಕು. ನಮ್ಮಲ್ಲಿ ಇಡೀ ಊರಿಗೆ ಮಾತ್ರೆ ಹಂಚುವ ಮೊದಲು, ಸ್ಕ್ಯಾನಿನಲ್ಲಿ ಕೋಶ ಕಂಡವರ ಮನೆಗಳಿಂದ ಶುರುಮಾಡಬಹುದು. ಮಾತ್ರೆಯ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು: ಪ್ರಾಜಿಕ್ವಾಂಟೆಲ್ ಮೆದುಳಿನಲ್ಲಿ ಅಡಗಿರುವ ಕೋಶವನ್ನು ಕೆಣಕಿ ಫಿಟ್ಸ್ ತರಿಸಬಹುದು. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿದು ಅಲ್ಲಿನ ಹುಳುವನ್ನು ಕೊಲ್ಲುತ್ತದೆ. ಜಿಲ್ಲಾ ಆಸ್ಪತ್ರೆಗಳ ಔಷಧ ಪಟ್ಟಿಯಲ್ಲಿ ಮೊದಲು ಇರಬೇಕಾದದ್ದು ಅದು.