ಲೆಕ್ಕಿಗರ ಸನ್ನದು

ಮಕ್ಕಳು ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಾದರೆ ಬೆಂಗಳೂರಿಗೇ ಕಳುಹಿಸಬೇಕೆ, ಅಡಾಜಣ್‌ನಲ್ಲಿದ್ದು ಓದಿದರೆ ಊರಿನಲ್ಲಿ ನಡೆದೀತೆ ಎಂದು ನಮ್ಮ ಬಂಧುಗಳಲ್ಲಿ ಕೆಲವರಿಗೆ ಸಂದೇಹವಿದೆ.

ಒಂದು ಕಾಲಕ್ಕೆ ಅದು ಸಹಜವೇ. 1913ರ ಕಂಪೆನಿ ಕಾಯಿದೆಯಂತೆ ಲೆಕ್ಕ ತನಿಖೆಯ ಸನ್ನದನ್ನು ಕೊಡುತ್ತಿದ್ದುದು ಪ್ರಾಂತ ಸರ್ಕಾರ. ಪ್ರಾಂತ ದಾಟಿದರೆ ಕೆಲವು ಸನ್ನದುಗಳು ನಡೆಯುತ್ತಿರಲಿಲ್ಲ. ಆಗ ಸೂರತ್ತೂ ಧಾರವಾಡವೂ ಮುಂಬಯಿ ಪ್ರಾಂತದವೇ ಆದ್ದರಿಂದ ಎರಡೂ ಊರಿನ ತರುಣರು ಒಂದೇ ಸರ್ಕಾರದ ಬಾಗಿಲು ತಟ್ಟಬೇಕಿತ್ತು! 1949ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ಸಂಸ್ಥೆ. ಅಮೆರಿಕದ ನಮ್ಮ ನೆಂಟರಿಗೆ ಇಂದಿಗೂ ಆಯಾ ರಾಜ್ಯದ ಮಂಡಲಿಯೇ ಲೈಸೆನ್ಸು ಕೊಡಬೇಕು; ನಮಗಾದರೋ ಸೂರತ್ತಿನಲ್ಲಿ ಬರೆದ ಪರೀಕ್ಷೆ ಹುಬ್ಬಳ್ಳಿಗೂ ಸಲ್ಲುತ್ತದೆ.

ಬಿ.ಎ. ಆದವರೂ ಶೇಕಡ 60 ಅಂಕವಿದ್ದರೆ ಫೌಂಡೇಷನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ವಾಣಿಜ್ಯ ಪದವೀಧರರಿಗೆ 55 ಸಾಕು. ಉತ್ತರ ಬರೆಯುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡಕ್ಕೂ ಗುಜರಾತಿಗೂ ಎಡೆಯಿಲ್ಲ. ಇದು ನಮಗೆ ಸರಿಕಾಣದು.

ನಿಜವಾದ ತೊಡಕು ಆರ್ಟಿಕಲ್‌ಶಿಪ್ಪಿನದು. 2023ರ ಹೊಸ ಪದ್ಧತಿಯಲ್ಲಿ ಅದು 3 ವರ್ಷದಿಂದ 2ಕ್ಕೆ ಇಳಿಯಿತು, ನಿಜ. ಆದರೆ ವೃತ್ತಿಯಲ್ಲಿರುವ ಒಬ್ಬ ಲೆಕ್ಕಿಗರ ಕೈಕೆಳಗೆ ಅದನ್ನು ಮುಗಿಸಬೇಕು. ತಂದೆಗೆ ವರ್ಗವಾಯಿತೆಂದು ನಡುವೆ ಬಿಡಿಸಿ ಬೇರೆ ಕಡೆ ಸೇರಿಸುವುದು ಸುಲಭವಲ್ಲ. ವರ್ಗದ ಆರ್ಡರಿಗೆ ಕಾದಿರುವ ನಾವು ಗುಮಾಸ್ತರು ಇದನ್ನು ಮೊದಲೇ ಯೋಚಿಸುವುದು ಲೇಸು. ಮಗಳು ಸೇರಿದ್ದರೆ ಆ ಎರಡು ವರ್ಷ ಮದುವೆಯ ಮಾತನ್ನೂ ಬದಿಗಿಡಿ. ಪಾಸಾದೊಡನೆ ಬಾಗಿಲಿಗೆ ಬೋರ್ಡು ಹಾಕುವಂತಿಲ್ಲ; ಸಂಸ್ಥೆಯ ಸದಸ್ಯತ್ವ ಪಡೆದು, ಸ್ವಂತ ವೃತ್ತಿಗೆ ಬೇರೆ ಪ್ರಮಾಣಪತ್ರವನ್ನೂ ತೆಗೆದುಕೊಳ್ಳಬೇಕು.